ಪರದೆಯ ಹಿಂದಣ ಕರ್ತೃ

ಒಂದು ಕರ್ಮ ನಡೆದಾಗ ಅದನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಮೇಲುನೋಟಕ್ಕೆ ಸುಲಭವಾದದ್ದು. ವಿಚಾರಕ್ಕೆ ತೊಡಗಿದವನಿಗೆ ಮಾತ್ರ ಅದರಷ್ಟು ತೊಡಕಿನ ಪ್ರಶ್ನೆ ಬೇರೊಂದಿಲ್ಲ. ಕೊಲೆಯಾದರೆ ಕೊಂದವನಾರೆಂದು ನ್ಯಾಯಸ್ಥಾನ ಕೇಳುತ್ತದೆ. ದೇವಾಲಯವಾದರೆ ಕಟ್ಟಿಸಿದವನಾರೆಂದು ಶಾಸನ ಹೇಳುತ್ತದೆ. ಎರಡೆಡೆಯಲ್ಲಿಯೂ ಒಂದು ಹೆಸರು ದೊರೆತೊಡನೆ ಲೋಕಕ್ಕೆ ಸಮಾಧಾನವಾಗುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯಕ್ಕೆ ಅಷ್ಟರಿಂದ ಸಮಾಧಾನವಿಲ್ಲ. ಶರೀರದಿಂದಾದದ್ದಾಗಲಿ, ಮಾತಿನಿಂದಾದದ್ದಾಗಲಿ, ಮನಸ್ಸಿನಿಂದಾದದ್ದಾಗಲಿ, ಯಾವ ಕರ್ಮಕ್ಕೂ ಕಾರಣಗಳು ಐದು ಎಂದು ಅಲ್ಲಿ ಎಣಿಕೆಯಾಗಿದೆ: ಅಧಿಷ್ಠಾನ, ಕರ್ತೃ, ಕರಣ, ನಾನಾ ವಿಧವಾದ ಚೇಷ್ಟೆ, ಐದನೆಯದಾಗಿ ದೈವ. ವಸ್ತುಸ್ಥಿತಿ ಹೀಗಿರುವಾಗ ಕೇವಲ ತನ್ನೊಬ್ಬನನ್ನೇ ಕರ್ತೃವೆಂದು ಬಗೆಯುವವನು ಸಂಸ್ಕಾರವಿಲ್ಲದ ಬುದ್ಧಿಯವನು, ಅವನು ಕಂಡದ್ದು ಕಂಡದ್ದೇ ಅಲ್ಲ ಎಂಬುದು ಗೀತಾಚಾರ್ಯನ ಅಭಿಪ್ರಾಯ.

ಇದನ್ನು ಗ್ರಂಥದಲ್ಲಿ ಓದಿ ತಲೆದೂಗುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಕಣ್ಣಾರೆ ಕಾಣಬೇಕೆನ್ನುವವನು ಯಾವುದಾದರೊಂದು ವಿಶ್ವವಿದ್ಯಾನಿಲಯದ ನಾಟಕ ವಿಭಾಗಕ್ಕೆ ಹೋಗಿ, ಪ್ರೇಕ್ಷಕರ ಸಾಲಿನಲ್ಲಿ ಕೂಡದೆ, ಪಕ್ಕದ ಬಾಗಿಲಿನಿಂದ ಒಳಹೊಕ್ಕು ಪರದೆಯ ಹಿಂದೆ ನಿಲ್ಲಬೇಕು. ಅಲ್ಲಿ ಕಪ್ಪು ಬಟ್ಟೆ ತೊಟ್ಟು, ಹೆಜ್ಜೆಯ ಸದ್ದು ಕೇಳಿಸದಂತೆ ಓಡಾಡುವ ಕೆಲವರು ಕಾಣುತ್ತಾರೆ. ಸಣ್ಣ ನೀಲಿ ದೀಪದ ಕೆಳಗೆ ನಾಟಕದ ಪ್ರತಿಯನ್ನು ಬಿಡಿಸಿಟ್ಟುಕೊಂಡು, ಪುಟದ ಅಂಚಿನಲ್ಲಿ ತಾನೇ ಬರೆದುಕೊಂಡ ಗುರುತುಗಳ ಮೇಲೆ ಬೆರಳೋಡಿಸುತ್ತ, ದೀಪದವನಿಗೂ ಶಬ್ದದವನಿಗೂ ಪರದೆಯವನಿಗೂ ಮೊದಲು ಎಚ್ಚರಿಕೆಯನ್ನೂ ತಕ್ಕ ಕ್ಷಣದಲ್ಲಿ ಆಜ್ಞೆಯನ್ನೂ ಪಿಸುದನಿಯಲ್ಲಿ ಕೊಡುತ್ತಿರುವವಳು ಸ್ಟೇಜ್ ಮ್ಯಾನೇಜರು. ನಾಟಕ ಮೊದಲಾದ ಮೇಲೆ ನಿರ್ದೇಶಕನ ಅಧಿಕಾರ ಮುಗಿಯಿತು. ಅಲ್ಲಿಂದಾಚೆಗೆ ರಂಗದ ಮೇಲೆ ಸೂರ್ಯ ಮುಳುಗಬೇಕಾದರೂ ಅವಳ ಮಾತು ಬೇಕು. ಅವಳ ಹಿಂದಿನ ಮೇಜಿನ ಮೇಲೆ ಕಾಗದ ಹಾಸಿ, ಪ್ರತಿಯೊಂದು ವಸ್ತುವಿಗೂ ಒಂದೊಂದು ಚೌಕ ಬರೆದು, ಕತ್ತಿ, ಪತ್ರ, ಉಂಗುರ, ವಿಷದ ಬಟ್ಟಲು ಎಂದು ಹೆಸರು ನಮೂದಿಸಿದೆ. ನಟ ಕತ್ತಲಲ್ಲಿ ಕೈ ಚಾಚಿದರೆ ಸಿಕ್ಕುವುದು ಪತ್ರವೇ ಹೊರತು ಉಂಗುರವಲ್ಲ. ಮೂಲೆಯಲ್ಲೊಬ್ಬಳು ಸೂಜಿ ದಾರ ಹಿಡಿದು ನಿಂತಿದ್ದಾಳೆ. ಇನ್ನೆರಡು ಮಾತು ಮುಗಿಯುವುದರೊಳಗೆ ಭಿಕ್ಷುಕನಾಗಿದ್ದವನನ್ನು ಆಕೆ ರಾಜನನ್ನಾಗಿ ಮಾಡಬೇಕು. ಮೇಲ್ಗಡೆ ಮರದ ಚೌಕಟ್ಟುಗಳನ್ನೂ ಪರದೆಗಳನ್ನೂ ಹಗ್ಗ ಕಪ್ಪಿಗಳಿಂದ ತೂಗುಹಾಕಿ, ಅವುಗಳ ಭಾರಕ್ಕೆ ಸರಿಯಾಗಿ ಕಬ್ಬಿಣದ ಎದುರುಭಾರವನ್ನು ಏರಿಸಿದ್ದಾರೆ. ಹಗ್ಗದವನು ಅಂಗೈಯಷ್ಟು ಬಲದಿಂದ ಒಂದು ಅರಮನೆಯನ್ನೇ ಆಕಾಶಕ್ಕೆ ಎತ್ತಬಲ್ಲನು. ಅಧಿಷ್ಠಾನ, ಕರಣ, ಚೇಷ್ಟೆ ಎಂದು ಗೀತೆ ಹೆಸರಿಸಿದವುಗಳೆಲ್ಲ ಇಲ್ಲಿ ಮನುಷ್ಯರಾಗಿ ನಿಂತಿವೆ.

ಈ ಕೆಲಸಗಳನ್ನು ವಿದ್ಯೆಯೆಂದು ಬಗೆದು ವಿಶ್ವವಿದ್ಯಾನಿಲಯದ ಒಳಕ್ಕೆ ಕರೆದುಕೊಂಡದ್ದು ಬಹಳ ಹಿಂದಿನ ಮಾತಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ತಾಂತ್ರಿಕ ಸಂಸ್ಥೆಯಲ್ಲಿ ೧೯೧೪ರಲ್ಲಿ ನಾಟಕ ವಿಭಾಗ ಹುಟ್ಟಿತು. ಹಾರ್ವರ್ಡಿನಲ್ಲಿ ಜಾರ್ಜ್ ಪಿಯರ್ಸ್ ಬೇಕರ್ ಎಂಬ ಆಚಾರ್ಯರು ನಾಟಕರಚನೆಯನ್ನು ಬೋಧಿಸುತ್ತ, ಬರೆದ ನಾಟಕವನ್ನು ಆಡಿ ನೋಡದೆ ಅದರ ಗುಣದೋಷಗಳನ್ನು ತಿಳಿಯಲಾಗದೆಂದು ಕಂಡುಕೊಂಡು ಒಂದು ಕಾರ್ಯಶಾಲೆಯನ್ನು ನಡೆಸುತ್ತಿದ್ದರು. ನಾಟಕಕಾರ ಯೂಜೀನ್ ಓನೀಲ್ ಬೇಕರರ ಬಳಿ ಕಲಿತವನು. ಅಲ್ಲಿ ಅವರ ಹಂಬಲಕ್ಕೆ ತಕ್ಕ ಆಶ್ರಯ ದೊರೆಯಲಿಲ್ಲ. ೧೯೨೪ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ದಾನಿ ಯೇಲ್ ವಿಶ್ವವಿದ್ಯಾನಿಲಯಕ್ಕೆ ೧೦ ಲಕ್ಷ ಡಾಲರುಗಳನ್ನು ಕೊಟ್ಟುದರ ಫಲವಾಗಿ ನ್ಯೂಹೇವನ್ ನಗರದಲ್ಲಿ ನಾಟಕ ವಿಭಾಗವೊಂದು ಸ್ಥಾಪನೆಯಾಯಿತು. ಬೇಕರರು ಅಲ್ಲಿಗೆ ಹೋದರು. ೧೯೨೬ರಲ್ಲಿ ವಿಭಾಗದ ರಂಗಮಂದಿರ ತೆರೆಯಿತು. ಬೇಕರರು ನಾಟಕಕಾರರನ್ನು ಬೆಳೆಸಲೆಂದು ಹೊರಟವರು. ಆದರೆ ನಾಟಕಕಾರನೊಬ್ಬನನ್ನು ಸಾಕಬೇಕಾದರೆ ಬಡಗಿ, ಚಿತ್ರಗಾರ, ದರ್ಜಿ, ದೀಪದವ ಎಲ್ಲರನ್ನೂ ಅವನೊಂದಿಗೆ ಒಂದೇ ಸೂರಿನ ಕೆಳಗೆ ಸಾಕಬೇಕಾಗುತ್ತದೆಂಬುದು ಅವರಿಗೆ ಮೊದಲೇ ತಿಳಿದಿತ್ತು. ಆದುದರಿಂದ ಡೊನಾಲ್ಡ್ ಓನ್‌ಸ್ಲಾಗರ್ ದೃಶ್ಯವಿನ್ಯಾಸವನ್ನೂ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ಬೆಳಕಿನ ವಿದ್ಯೆಯನ್ನೂ ೧೯೨೫ರಿಂದಲೇ ಅಲ್ಲಿ ಬೋಧಿಸತೊಡಗಿದರು.

ಮೆಕ್‌ಕ್ಯಾಂಡ್ಲೆಸರ ಪದ್ಧತಿ ೧೯೩೨ರಲ್ಲಿ ಗ್ರಂಥರೂಪದಲ್ಲಿ ಬಂದಿತು. ರಂಗಭೂಮಿಯನ್ನು ಕೆಲವು ಕ್ಷೇತ್ರಗಳಾಗಿ ವಿಂಗಡಿಸಿ, ಪ್ರತಿಯೊಂದು ಕ್ಷೇತ್ರಕ್ಕೂ ಎಡಬಲಗಳಿಂದ ೪೫ ಡಿಗ್ರಿಗಳ ಓರೆಯಲ್ಲಿ ಎರಡು ದೀಪಗಳನ್ನು ಹಾಯಿಸಿ, ಒಂದಕ್ಕೆ ಬಿಸಿಲಿನ ಬಣ್ಣವನ್ನೂ ಮತ್ತೊಂದಕ್ಕೆ ಬೆಳುದಿಂಗಳ ಬಣ್ಣವನ್ನೂ ಕೊಟ್ಟರೆ ನಟನ ಮುಖದಲ್ಲಿ ಉಬ್ಬುತಗ್ಗುಗಳು ಮೂಡುತ್ತವೆ, ಮುಖಕ್ಕೆ ಜೀವ ಬರುತ್ತದೆ ಎಂಬುದು ಅದರ ತಿರುಳು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಕಾಲದ ದೀಪದವನ ಸ್ಥಿತಿ. ಬೆಳಕನ್ನು ಏರಿಸಿ ಇಳಿಸುವ ಭಾರವಾದ ಹಿಡಿಗಳ ಹಲಗೆ ಬಹುತೇಕ ರಂಗದ ಪಕ್ಕದಲ್ಲಿಯೋ ನೆಲಮಾಳಿಗೆಯಲ್ಲಿಯೋ ಇರುತ್ತಿತ್ತು. ಬಿಸಿಯೇರಿದ ಆ ಯಂತ್ರದ ಮುಂದೆ ನಿಂತು, ಕೆಲವೊಮ್ಮೆ ಇಬ್ಬರು ಮೂವರು ಸೇರಿ ಕೈ ಮೊಣಕೈಗಳಿಂದ ಹಿಡಿಗಳನ್ನು ತಳ್ಳುತ್ತ, ತಾವು ಮೂಡಿಸಿದ ಬೆಳಗನ್ನು ತಾವು ಕಾಣದೆ, ಬರಿಯ ಎಣಿಕೆಯಿಂದಲೂ ಪಿಸುಮಾತಿನ ಆಜ್ಞೆಯಿಂದಲೂ ಅವರು ಕೆಲಸ ಮಾಡುತ್ತಿದ್ದರು. ಮುಂದೆ ಯೇಲ್‌ನವರೇ ಆದ ಜಾರ್ಜ್ ಐಜ಼ೆನೂರ್ ೧೯೪೭ರ ವೇಳೆಗೆ ವಿದ್ಯುನ್ಮಾನ ನಿಯಂತ್ರಣದ ಮೇಜನ್ನು ನಿರ್ಮಿಸಿ ದೀಪದವನನ್ನು ಪ್ರೇಕ್ಷಾಗೃಹದ ಹಿಂಭಾಗಕ್ಕೆ ತಂದು ಕೂರಿಸಿದರು. ಅಂದಿನಿಂದ ಅವನಿಗೆ ತನ್ನ ಬೆಳಕನ್ನು ತಾನು ಕಾಣುವ ಭಾಗ್ಯ ಬಂದಿತು. ಅದಕ್ಕೆ ಹಿಂದಿನವರು ಎಷ್ಟು ಉಷಸ್ಸುಗಳನ್ನು ಕುರುಡಾಗಿ ಮೂಡಿಸಿದರೋ!

ರಂಗದ ದೀಪವೆಂದೊಡನೆ ಕನ್ನಡದ ಓದುಗನಿಗೆ ವಿದ್ಯಾರಣ್ಯರ ಹೆಸರಿನ ಪಂಚದಶಿ ನೆನಪಾಗದಿರದು. ಅದರ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದು ಹೆಸರು. ನೃತ್ಯಶಾಲೆಯಲ್ಲಿ ಇಟ್ಟಿರುವ ದೀಪ ಒಡೆಯನನ್ನೂ ಸಭಿಕರನ್ನೂ ನರ್ತಕಿಯನ್ನೂ ಭೇದವಿಲ್ಲದೆ ಬೆಳಗುತ್ತದೆ. ಅವರೆಲ್ಲ ಎದ್ದುಹೋದ ಮೇಲೆಯೂ ತಾನು ಬೆಳಗುತ್ತಲೇ ಇರುತ್ತದೆ. ಅಹಂಕಾರವೇ ಒಡೆಯ, ವಿಷಯಗಳೇ ಸಭಿಕರು, ಬುದ್ಧಿಯೇ ನರ್ತಕಿ, ಇಂದ್ರಿಯಗಳು ತಾಳ ಹಿಡಿದವರು, ಸಾಕ್ಷಿಚೈತನ್ಯವೇ ದೀಪ. ಈ ರೂಪಕದ ಸೌಂದರ್ಯ ಎಷ್ಟು ಹೇಳಿದರೂ ತೀರದು. ಅಮೆರಿಕದ ರಂಗಮಂದಿರಗಳಲ್ಲಿ ಇಂದಿಗೂ ಒಂದು ರೂಢಿಯಿದೆ: ಆಟ ಮುಗಿದು ಎಲ್ಲರೂ ಮನೆಗೆ ಹೋಗುವಾಗ ಕಡೆಗೆ ಉಳಿದ ಕೆಲಸಗಾರನು ಬರಿದಾದ ರಂಗದ ನಡುವೆ ಒಂದು ಕಂಬದ ಮೇಲೆ ಒಂಟಿ ದೀಪವನ್ನು ಹೊತ್ತಿಸಿಟ್ಟು ಹೋಗುತ್ತಾನೆ. ಕತ್ತಲಲ್ಲಿ ಯಾರೂ ರಂಗದ ಅಂಚಿನಿಂದ ಬೀಳದಿರಲೆಂಬುದೇ ಅದರ ಉದ್ದೇಶ. ಶೃಂಗೇರಿಯ ಯತಿಗಳು ಕಂಡ ದೀಪ, ಯಾರೂ ಇಲ್ಲದೆಯೂ ಬೆಳಗುವ ದೀಪ, ಅಲ್ಲಿ ಹಾಗೆಯೇ ಇದೆ.

ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ವೇದಾಂತದ ದೀಪ ಸ್ವಯಂಪ್ರಕಾಶ. ಅದನ್ನು ಹೊತ್ತಿಸಿದವರಿಲ್ಲ, ಅದಕ್ಕೆ ಎಣ್ಣೆಯೆರೆದವರಿಲ್ಲ. ರಂಗದ ದೀಪವನ್ನು ಒಬ್ಬ ಮನುಷ್ಯ ಹೊತ್ತಿಸಿದ್ದಾನೆ. ಅದಕ್ಕಾಗಿ ಏಣಿಯೇರಿದ್ದಾನೆ, ಕೈ ಸುಟ್ಟುಕೊಂಡಿದ್ದಾನೆ, ನಿದ್ದೆಗೆಟ್ಟಿದ್ದಾನೆ. ಸಾಕ್ಷಿ ನಿಷ್ಕ್ರಿಯ, ಇವನು ಕ್ರಿಯಾವಂತ. ಆದಕಾರಣ ನೇಪಥ್ಯದ ಕೆಲಸಗಾರನನ್ನು ಸಾಕ್ಷಿಪುರುಷನಿಗೆ ಹೋಲಿಸಿ, ಅವನಿಗೆ ಏನೂ ಅಂಟುವುದಿಲ್ಲವೆಂದು ಸ್ತುತಿಸುವುದು ಹೊಗಳಿಕೆಯಂತೆ ಕಂಡರೂ ಅವನ ಶ್ರಮವನ್ನು ಅಳಿಸಿಹಾಕುವ ಹೊಗಳಿಕೆ. ಪಂಚದಶಿಯ ರೂಪಕದಿಂದ ನಾವು ಕಲಿಯಬೇಕಾದ ಪಾಠವೇ ಬೇರೆ. ಜಗತ್ತಿನಲ್ಲಿ ಕಣ್ಣಿಗೆ ಬೀಳುವ ಪ್ರತಿಯೊಂದು ಬೆಳಕೂ ಮತ್ತೊಬ್ಬರು ಹೊತ್ತಿಸಿದ ಬೆಳಕು. ತಾನಾಗಿಯೇ ಬೆಳಗುವುದು ಆತ್ಮವೊಂದೇ. ರಂಗದ ನಡುವೆ ನಿಂತು ಚಪ್ಪಾಳೆಯ ಮಳೆಯಲ್ಲಿ ನೆನೆಯುವ ನಟನು ತಾನೇ ಸ್ವಯಂಪ್ರಕಾಶನೆಂದು ಬಗೆದರೆ ಅವನಿಗೆ ಆಗಿರುವುದು ಅಧ್ಯಾಸ. ಒಂದರ ಧರ್ಮವನ್ನು ಮತ್ತೊಂದರ ಮೇಲೆ ಏರಿಸಿಕೊಂಡ ಭ್ರಾಂತಿ.

ನಮ್ಮ ನಾಟ್ಯಶಾಸ್ತ್ರಕ್ಕೆ ಈ ಭ್ರಾಂತಿ ಇರಲಿಲ್ಲ. ಮೊದಲ ನಾಟಕದ ಪ್ರಯೋಗದ ಕಥೆ ಅದರ ಮೊದಲ ಅಧ್ಯಾಯದಲ್ಲಿದೆ. ದೇವತೆಗಳ ಜಯವನ್ನೂ ದೈತ್ಯರ ಸೋಲನ್ನೂ ತೋರಿಸುವ ಆ ಪ್ರಯೋಗದಿಂದ ಕುಪಿತರಾದ ದೈತ್ಯರು ವಿರೂಪಾಕ್ಷನನ್ನು ಮುಂದಿಟ್ಟುಕೊಂಡು, ವಿಘ್ನಗಳನ್ನು ಕೂಡಿಕೊಂಡು ಬಂದು, ನಟರ ಮಾತನ್ನೂ ಚಲನೆಯನ್ನೂ ಸ್ಮೃತಿಯನ್ನೂ ಸ್ತಂಭಿಸಿಬಿಟ್ಟರು. ರಂಗದಲ್ಲಿ ಕೆಲಸ ಮಾಡಿದವರಾರೂ ಇದನ್ನು ಕಟ್ಟುಕಥೆಯೆನ್ನಲಾರರು. ಮಾತು ತೊಡರುವುದು, ಕಾಲು ನೆಟ್ಟಹಾಗಾಗುವುದು, ಬಾಯಿಗೆ ಬರಬೇಕಾದ ವಾಕ್ಯ ಮರೆತುಹೋಗುವುದು, ಈ ಮೂರು ಪಿಶಾಚಗಳು ಇಂದಿಗೂ ಪ್ರತಿಯೊಂದು ಪರದೆಯ ಹಿಂದೆ ಹೊಂಚುಹಾಕಿ ಕುಳಿತಿವೆ. ಇಂದ್ರನು ಧ್ವಜದಂಡದಿಂದ ವಿಘ್ನಗಳನ್ನು ಜರ್ಜರಗೊಳಿಸಿದ ಮೇಲೆ ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ಬ್ರಹ್ಮನು ಅದರ ಒಂದೊಂದು ಅಂಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಗಿಟ್ಟನು. ಮಂಟಪಕ್ಕೆ ಚಂದ್ರ, ದಿಕ್ಕುಗಳಿಗೆ ಲೋಕಪಾಲರು, ನೇಪಥ್ಯಕ್ಕೆ ಮಿತ್ರ, ರಂಗಪೀಠದ ಪಕ್ಕದಲ್ಲಿ ಇಂದ್ರ, ನಡುವೆ ಸ್ವಯಂ ಬ್ರಹ್ಮ. ಪಾತಾಳವಾಸಿಗಳಾದ ಯಕ್ಷ, ಗುಹ್ಯಕ, ಪನ್ನಗರು ರಂಗಪೀಠದ ಕೆಳಗೆ ನಿಂತರು. ಯಾರ ಕಣ್ಣಿಗೂ ಬೀಳದ ಆ ಕೆಳನೆಲೆಯೂ ದೇವತಾಸ್ಥಾನವೇ ಎಂದು ಬಗೆದ ಮನಸ್ಸು ಎಷ್ಟು ವಿಶಾಲವಾದದ್ದು! ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಇರುಳಿನ ಮೊದಲ ಪೂಜೆ ಸಲ್ಲುವುದು ಚೌಕಿಯ ಗಣಪತಿಗೆ. ವೇಷ ಕಟ್ಟುವ ಆ ಬಿಡಾರದಲ್ಲಿ ಆರತಿಯಾದ ಮೇಲೆಯೇ ರಂಗಸ್ಥಳದಲ್ಲಿ ಆಟ.

ಅದೇ ಶಾಸ್ತ್ರ ಪ್ರಯೋಗದ ಸಿದ್ಧಿಯನ್ನು ಮಾನುಷೀ, ದೈವೀ ಎಂದು ಎರಡಾಗಿ ವಿಂಗಡಿಸುತ್ತದೆ. ನಗು, ಉದ್ಗಾರ, ಹೊಗಳಿಕೆ, ಮೈನವಿರೇಳುವುದು, ಮೇಲ್ವಸ್ತ್ರವನ್ನು ಎಸೆಯುವುದು ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳು. ದೈವೀ ಸಿದ್ಧಿಯ ಲಕ್ಷಣವೋ ಹೀಗಿದೆ: ಅಲ್ಲಿ ಸದ್ದಿಲ್ಲ, ಕ್ಷೋಭೆಯಿಲ್ಲ, ಉತ್ಪಾತವಿಲ್ಲ, ರಂಗ ತುಂಬಿರುತ್ತದೆ. ಈ ಲಕ್ಷಣವನ್ನು ಮೊದಲ ಬಾರಿಗೆ ಓದಿದವನಿಗೆ ಅಚ್ಚರಿಯಾದೀತು, ಏಕೆಂದರೆ ಇದರಲ್ಲಿ ಆದದ್ದಕ್ಕಿಂತ ಆಗದೆ ಉಳಿದದ್ದರ ಮಾತೇ ಹೆಚ್ಚು. ಆದರೆ ಪರದೆಯ ಹಿಂದಿರುವವರ ಸಾಧನೆಯನ್ನು ಇದಕ್ಕಿಂತ ನಿಖರವಾಗಿ ಹೇಳಲು ಸಾಧ್ಯವೆ? ಮೇಲಿನಿಂದ ಚೌಕಟ್ಟು ಬೀಳಲಿಲ್ಲ, ಬಾಗಿಲು ಸಿಕ್ಕಿಕೊಳ್ಳಲಿಲ್ಲ, ಕತ್ತಿಯಿಲ್ಲದೆ ಕೊಲೆಗಾರ ಬರಲಿಲ್ಲ, ದೀಪ ಆರಲಿಲ್ಲ. ಬ್ರಹ್ಮವನ್ನು ಹೇಳಹೊರಟ ಉಪನಿಷತ್ತು ಅಲ್ಲ, ಅಲ್ಲ ಎಂದೇ ಹೇಳಬೇಕಾದಂತೆ, ಇವರ ಪೂರ್ಣತೆಯನ್ನು ಹೇಳುವುದಕ್ಕೂ ನಿಷೇಧದ ಭಾಷೆಯೊಂದೇ ಇರುವುದು. ಸಭಿಕರು ಕೊಟ್ಟ ಚಪ್ಪಾಳೆ ನಟರ ಮಾನುಷೀ ಸಿದ್ಧಿ. ದೈವಕ್ಕೆ ಸೇರಿದ್ದೆಂದು ಶಾಸ್ತ್ರ ಎಣಿಸಿದ ಆ ನಿರುಪದ್ರವವಾದ ಮೌನ ಇವರ ಕೈಯಿಂದಾದದ್ದು. ಗೀತೆಯ ಪಟ್ಟಿಯಲ್ಲಿ ಐದನೆಯದಾದ ದೈವವನ್ನು ನಾವು ಅದೃಷ್ಟವೆಂದು ಸುಲಭವಾಗಿ ಅರ್ಥಮಾಡಿಬಿಡುತ್ತೇವೆ. ನಾವು ಅದೃಷ್ಟವೆನ್ನುವುದರಲ್ಲಿ ಬಹುಪಾಲು ನಾವು ಕಾಣದ ಮನುಷ್ಯರ ಜಾಗರೂಕತೆಯೇ ಇರಬಹುದೆಂದು ನನಗೆ ತೋರುತ್ತದೆ.

ಆ ಜಾಗರೂಕತೆ ತಪ್ಪಿದರೆ ಏನಾಗುವುದೆಂಬುದಕ್ಕೆ ಷಿಕಾಗೋ ನಗರದ ಇರಾಕ್ವಾ ರಂಗಮಂದಿರ ನಿದರ್ಶನ. ೧೯೦೩ರ ಡಿಸೆಂಬರ್ ೩೦ರಂದು, ಹಬ್ಬದ ರಜೆಯ ಮಧ್ಯಾಹ್ನದಾಟಕ್ಕೆ ಮಕ್ಕಳೂ ತಾಯಂದಿರೂ ಕಿಕ್ಕಿರಿದು ನೆರೆದಿದ್ದಾಗ, ದೀಪವೊಂದರ ಕಿಡಿ ರಂಗದ ತೆಳುವಾದ ಬಟ್ಟೆಗೆ ಹತ್ತಿಕೊಂಡಿತು. ಬೆಂಕಿಯನ್ನು ತಡೆಯಲೆಂದೇ ಇಳಿಬಿಡುವ ಪರದೆ ನಡುವೆ ಸಿಕ್ಕಿಕೊಂಡು ಪೂರ್ತಿ ಇಳಿಯಲಿಲ್ಲ. ಹೊರಬಾಗಿಲುಗಳಲ್ಲಿ ಹಲವು ತೆರೆಯಲಿಲ್ಲ. ೬೦೦ಕ್ಕೂ ಹೆಚ್ಚು ಜನ ಸತ್ತರು. ಕಟ್ಟಡ ತೆರೆದು ಇನ್ನೂ ಆರು ವಾರಗಳು ಕಳೆದಿರಲಿಲ್ಲ. ಹಗ್ಗವನ್ನು ಪರೀಕ್ಷಿಸುವ, ಬಾಗಿಲನ್ನು ತೆರೆದು ಮುಚ್ಚಿ ನೋಡುವ, ಯಾರೂ ಹೊಗಳದ ಆ ನಿತ್ಯಕರ್ಮವನ್ನು ಇಂದು ನಾಟಕ ವಿಭಾಗಗಳಲ್ಲಿ ಪಾಠವಾಗಿ ಹೇಳುತ್ತಾರಾದರೆ ಅದರ ಹಿಂದೆ ಇಂತಹ ಬೂದಿಯಿದೆ. ಸಂಧ್ಯಾವಂದನೆಯಂತಹ ನಿತ್ಯಕರ್ಮಕ್ಕೆ ವಿಶೇಷ ಫಲವಿಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯವುಂಟು ಎಂದು ಮೀಮಾಂಸಕರಲ್ಲಿ ಒಂದು ಪಕ್ಷ ಹೇಳುವುದಷ್ಟೆ. ಆ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು.

ಇಲ್ಲಿಯವರೆಗೆ ಬಂದ ಓದುಗನು, ಹಾಗಾದರೆ ನೇಪಥ್ಯದ ಕೆಲಸಗಾರನೇ ಗೀತೆ ಹೇಳುವ ನಿಷ್ಕಾಮಕರ್ಮಿಯಲ್ಲವೆ, ಫಲವನ್ನು ಬಯಸದೆ, ಕೀರ್ತಿಯನ್ನು ಹಾರೈಸದೆ ಕೆಲಸ ಮಾಡುವ ಯೋಗಿಯಲ್ಲವೆ, ಎಂದು ಕೇಳಿಯಾನು. ನಮ್ಮ ಸಭೆಗಳಲ್ಲಿ ಇಂತಹ ಮಾತು ಬಹಳ ಸುಲಭವಾಗಿ ಬರುತ್ತದೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರೇ ಇದನ್ನು ಹೆಚ್ಚಾಗಿ ಆಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ತ್ಯಾಗವೆಂಬುದು ತನಗೆ ಸಲ್ಲಬೇಕಾದುದನ್ನು ತಾನಾಗಿ ಬಿಡುವುದು. ಸಲ್ಲದಂತೆ ಇತರರು ತಡೆದಿಟ್ಟದ್ದನ್ನು ಅವನು ಬಿಟ್ಟನೆಂದು ಹೇಳುವುದು ತ್ಯಾಗದ ಹೆಸರಿನಲ್ಲಿ ಮಾಡುವ ಅಪಹಾರ. ಹಸಿದವನ ಮುಂದಿನ ಎಲೆಯನ್ನು ಎತ್ತಿಕೊಂಡು ಅವನಿಗೆ ಏಕಾದಶಿಯ ಪುಣ್ಯ ಬಂದಿತೆಂದು ಹೇಳಿದಂತೆ ಅದು. ಫಲದಲ್ಲಿ ಆಸೆಯಿಡದಿರುವುದು ಕರ್ಮ ಮಾಡುವವನ ಧರ್ಮ. ಫಲವನ್ನು ಅವನ ಮುಂದೆ ತಂದಿಡುವುದು ಇತರರ ಧರ್ಮ. ಮೊದಲನೆಯದನ್ನು ಅವನಿಗೆ ಉಪದೇಶಿಸಿ ಎರಡನೆಯದರಿಂದ ತಾವು ನುಣುಚಿಕೊಳ್ಳುವವರು ಗೀತೆಯನ್ನು ಓದಿದವರಲ್ಲ, ಗೀತೆಯನ್ನು ಬಳಸಿಕೊಂಡವರು.

ಈ ವಿಷಯದಲ್ಲಿ ನಮ್ಮ ಶರಣರ ಕಾಯಕತತ್ತ್ವ ಹೆಚ್ಚು ಎಚ್ಚರದ್ದೆಂದು ನನ್ನ ನಂಬಿಕೆ. ಹುಲ್ಲಿನ ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುತ್ತಿದ್ದ ನುಲಿಯ ಚಂದಯ್ಯನ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಹುಲ್ಲು ಕೊಯ್ಯುತ್ತಿರುವಾಗ ಕೊರಳ ಲಿಂಗ ಕಳಚಿ ನೀರಿಗೆ ಬಿದ್ದಿತು. ಅವನು ಅದಕ್ಕಾಗಿ ನಿಲ್ಲದೆ ತನ್ನ ಹೊರೆಯನ್ನು ಹೊತ್ತು ನಡೆದನು. ಲಿಂಗವೇ ಅವನ ಬೆನ್ನುಹತ್ತಿ ಬಂದಿತು. ಕಾಯಕದ ಮುಂದೆ ಪೂಜೆಯನ್ನೂ ಕಾಯಿಸಬಲ್ಲ ಆ ಧೀರನಿಗಿಂತ ಅಹಂಕಾರ ಕಳೆದುಕೊಂಡವನು ಯಾರು? ಅಂತಹವನ ಹೆಸರನ್ನು ಆ ಸಮುದಾಯ ಅಳಿಸಲಿಲ್ಲ. ಹಗ್ಗದ ಕಸುಬನ್ನೇ ಹೆಸರಿಗೆ ಸೇರಿಸಿ ಎಂಟು ಶತಮಾನಗಳ ಕಾಲ ಉಳಿಸಿಕೊಂಡು ಬಂದಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ, ಬಹುರೂಪಿ ಚೌಡಯ್ಯ ಎಂದು ಕರೆಯುವಾಗ ಕೆಲಸವೂ ಕೆಲಸಗಾರನೂ ಒಟ್ಟಿಗೆ ನಿಲ್ಲುತ್ತಾರೆ. ವೇಷ ಹಾಕಿದ ಬಹುರೂಪಿಗೆ ಎಷ್ಟು ಮರ್ಯಾದೆಯೋ ಸೂಜಿ ಹಿಡಿದವನಿಗೂ ಅಷ್ಟೇ. ನಾಟ್ಯಶಾಸ್ತ್ರವೂ ತಂಡದವರನ್ನು ಲೆಕ್ಕ ಹೇಳುವಲ್ಲಿ ಸೂತ್ರಧಾರ, ನಟ, ವಿದೂಷಕರನ್ನು ಹೆಸರಿಸಿ ನಿಲ್ಲದೆ ಕಿರೀಟ ಮಾಡುವವನು, ಆಭರಣ ಮಾಡುವವನು, ಮಾಲೆ ಕಟ್ಟುವವನು, ವೇಷಗಾರ, ಚಿತ್ರಗಾರ, ಬಟ್ಟೆಗೆ ಬಣ್ಣ ಹಾಕುವವನು ಎಂದು ಒಬ್ಬೊಬ್ಬರನ್ನೂ ಅದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಆಭರಣಗಳು ಭಾರವಾದರೆ ನಟ ಬಳಲುತ್ತಾನೆ, ಆದುದರಿಂದ ಅವು ಅರಗು, ಅಭ್ರಕ, ತೆಳುತಗಡುಗಳಿಂದ ಹಗುರವಾಗಿ ಆಗಬೇಕು ಎಂಬ ಅದರ ಸೂಚನೆಯಲ್ಲಿ ಕಸುಬುದಾರನೊಬ್ಬನ ಅನುಭವದ ದನಿಯಿದೆ. ಆ ಮಾತನ್ನು ಮುನಿಗೆ ಯಾವನೋ ಕಿರೀಟಗಾರನೇ ಹೇಳಿಕೊಟ್ಟಿರಬೇಕು.

ಹೆಸರು ಬರೆಯುವುದರಿಂದ ಆಗುವ ಪ್ರಯೋಜನ ಬರಿಯ ಮರ್ಯಾದೆಯದಲ್ಲ, ಜ್ಞಾನದ್ದು. ಮೆಕ್‌ಕ್ಯಾಂಡ್ಲೆಸರ ಬಳಿ ಯೇಲ್‌ನಲ್ಲಿ ಕಲಿತ ಜೀನ್ ರೋಸೆಂಥಾಲ್ ಎಂಬಾಕೆ ಮುಂದೆ ಮಾರ್ಥಾ ಗ್ರಹಾಮಳ ನೃತ್ಯಗಳಿಗೂ ೧೯೫೭ರ ವೆಸ್ಟ್ ಸೈಡ್ ಸ್ಟೋರಿ ಎಂಬ ಸಂಗೀತನಾಟಕಕ್ಕೂ ಬೆಳಕನ್ನು ರೂಪಿಸಿದಳು. ಆಕೆ ಕೆಲಸಕ್ಕೆ ತೊಡಗಿದಾಗ ಬೆಳಕಿನ ವಿನ್ಯಾಸವೆಂಬುದು ತನ್ನದೇ ಹೆಸರುಳ್ಳ ವೃತ್ತಿಯಾಗಿರಲಿಲ್ಲ. ದೃಶ್ಯಕಾರನೋ ವಿದ್ಯುತ್ತಿನವನೋ ಅದನ್ನು ನೋಡಿಕೊಳ್ಳುತ್ತಿದ್ದನು. ಆಕೆಯ ಪೀಳಿಗೆಯವರ ಹೆಸರು ನಾಟಕದ ಪತ್ರಿಕೆಯಲ್ಲಿ ಬೇರೆಯಾಗಿ ಅಚ್ಚಾಗತೊಡಗಿದ ಮೇಲೆ ಜನ ಬೆಳಕನ್ನು ನೋಡಲು ಕಲಿತರು, ಅದರ ಗುಣದೋಷ ವಿಮರ್ಶೆ ಹುಟ್ಟಿತು, ವಿದ್ಯಾರ್ಥಿಗಳು ಬಂದರು.

ವಿಶ್ವವಿದ್ಯಾನಿಲಯದಲ್ಲಿ ಈ ಪ್ರಶ್ನೆಗೆ ಮತ್ತೊಂದು ಮುಖವಿದೆ, ಅದರ ಮೇಲೆ ನಾನು ಸ್ವಲ್ಪ ನಿಲ್ಲಬಯಸುತ್ತೇನೆ. ಅಲ್ಲಿ ಪರದೆಯ ಹಿಂದಿರುವವರು ಎರಡು ಬಗೆ. ಮೊದಲನೆಯವರು ವಿದ್ಯಾರ್ಥಿಗಳು. ಅನೇಕ ವಿಭಾಗಗಳಲ್ಲಿ ನಟನೆಯನ್ನು ಕಲಿಯಬಂದವನೂ ಒಂದಾದರೂ ನಾಟಕದಲ್ಲಿ ಬಣ್ಣ ಹಚ್ಚದೆ, ಮೊಳೆ ಹೊಡೆದು, ಪರದೆ ಎಳೆದು, ಕಸ ಗುಡಿಸಬೇಕೆಂಬ ಕಟ್ಟಳೆಯಿದೆ. ಇದು ಅತ್ಯುತ್ತಮವಾದ ವ್ರತ. ಚಪ್ಪಾಳೆಯನ್ನು ಹಿಂದಿನಿಂದ ಕೇಳಿದವನಿಗೆ ಅದು ಯಾರಿಗೆ ಸಲ್ಲುತ್ತಿದೆಯೆಂಬ ವಿವೇಕ ಜೀವಮಾನವಿಡೀ ಉಳಿಯುತ್ತದೆ. ನಮ್ಮಲ್ಲಿ ಹೆಗ್ಗೋಡಿನ ನೀನಾಸಂ ೧೯೮೫ರಲ್ಲಿ ತೊಡಗಿದ ತಿರುಗಾಟದಲ್ಲಿ ನಟರೇ ಊರೂರಿನಲ್ಲಿ ರಂಗಸಜ್ಜಿಕೆಯನ್ನು ಇಳಿಸಿ, ಕಟ್ಟಿ, ಆಟವಾದ ಮೇಲೆ ಬಿಚ್ಚಿ ಏರಿಸುವ ಪದ್ಧತಿಯನ್ನು ಕಂಡವರಿಗೆ ಇದರ ಬೆಲೆ ತಿಳಿದಿದೆ. ಎರಡನೆಯ ಬಗೆಯವರು ಖಾಯಂ ಕೆಲಸಗಾರರು: ಕಾರ್ಯಾಗಾರದ ಬಡಗಿ, ವಸ್ತ್ರಾಗಾರದ ದರ್ಜಿ, ವಿದ್ಯುತ್ತಿನ ಮೇಸ್ತ್ರಿ. ವಿದ್ಯಾರ್ಥಿಗಳು ಎರಡು ಮೂರು ವರ್ಷಗಳಲ್ಲಿ ಹೊರಟುಹೋಗುತ್ತಾರೆ, ಪ್ರಾಧ್ಯಾಪಕರೂ ಬದಲಾಗುತ್ತಾರೆ, ಇವರು ಉಳಿಯುತ್ತಾರೆ. ಯಾವ ಮರ ಯಾವ ಭಾರವನ್ನು ತಡೆಯುತ್ತದೆ, ಹಳೆಯ ರೇಷ್ಮೆಯನ್ನು ಮತ್ತೊಮ್ಮೆ ಹೇಗೆ ಬಳಸಬಹುದು, ಈ ಕಟ್ಟಡದ ಯಾವ ತೊಲೆಗೆ ಹಗ್ಗ ಕಟ್ಟಬಾರದು ಎಂಬುದು ಗೊತ್ತಿರುವುದು ಇವರಿಗೆ. ಕಲಿಸುವುದೂ ಇವರೇ. ಉಳಿ ಹಿಡಿದ ಕೈಯ ಮೇಲೆ ತಮ್ಮ ಕೈಯಿಟ್ಟು ತಿದ್ದುತ್ತಾರೆ. ಆದರೂ ವಿಭಾಗದ ದಾಖಲೆಯಲ್ಲಿ ಇವರು ಬೋಧಕೇತರ ವರ್ಗ. ಮೇಜಿನ ಮೇಲಿಂದ ಉಪನ್ಯಾಸ ಓದಿದವನು ಮಾತ್ರ ಗುರು. ಉಪನಿಷತ್ತಿನ ಕಾಲದಲ್ಲಿ ಗಾಡಿಯ ಕೆಳಗೆ ಕುಳಿತಿದ್ದ ರೈಕ್ವನ ಬಳಿಗೆ ಜಾನಶ್ರುತಿ ರಾಜನು ವಿದ್ಯೆಯನ್ನು ಬೇಡಿಕೊಂಡು ಹೋದನು. ಅರಿವು ಎಲ್ಲಿದೆಯೋ ಅಲ್ಲಿ ತಲೆಬಾಗಬೇಕೆಂಬ ನಮ್ಮ ಪರಂಪರೆಯನ್ನು ನಮ್ಮ ವಿದ್ಯಾಪೀಠಗಳೇ ಮರೆತಿರುವುದು ದುಃಖದ ವಿಷಯ.

ಕಡೆಯ ಪ್ರಯೋಗ ಮುಗಿದ ರಾತ್ರಿಯೇ ಪರದೆಯ ಹಿಂದಿನವರೆಲ್ಲ ಸೇರಿ, ವಾರಗಟ್ಟಲೆ ಕಟ್ಟಿದ ಅರಮನೆಯನ್ನು ಕೆಲವು ತಾಸುಗಳಲ್ಲಿ ಬಿಚ್ಚಿ ಹಾಕುತ್ತಾರೆ. ಮೊಳೆಗಳನ್ನು ಕಿತ್ತು ಡಬ್ಬಿಗೆ ತುಂಬುತ್ತಾರೆ, ಹಲಗೆಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾರೆ, ಬಟ್ಟೆಗಳನ್ನು ಒಗೆಯಲು ಹಾಕುತ್ತಾರೆ. ಆವಾಹನೆಯಷ್ಟೇ ವಿಸರ್ಜನೆಯೂ ಪೂಜೆಯ ಅಂಗವೆಂದು ತಿಳಿದ ನಮಗೆ ಇದು ಅಪರಿಚಿತವಲ್ಲ. ನಾಟಕಕಾರನ ಕೃತಿ ಗ್ರಂಥಾಲಯದಲ್ಲಿ ಉಳಿಯುತ್ತದೆ, ನಟನ ಭಾವಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಇವರು ತಮ್ಮ ಕೃತಿಯನ್ನು ತಮ್ಮ ಕೈಯಿಂದಲೇ ಕೆಡವುತ್ತಾರೆ. ಇಲ್ಲಿ ನಿಜವಾದ ತ್ಯಾಗವಿದೆ; ಏಕೆಂದರೆ ಅವರದೇ ಆದದ್ದನ್ನು ಅವರೇ ಬಿಡುತ್ತಿದ್ದಾರೆ. ಅವರ ವೈರಾಗ್ಯವನ್ನು ಮೆಚ್ಚಬೇಕೆಂದಿರುವವರು ಇದನ್ನು ಮೆಚ್ಚಲಿ. ಹೆಸರಿನ ವಿಷಯದಲ್ಲಿ ಮಾತ್ರ ಅವರ ಪರವಾಗಿ ನಾವು ವೈರಾಗ್ಯವನ್ನು ವಹಿಸುವುದು ಬೇಡ.

ನಾಟಕ ವಿಭಾಗಗಳನ್ನು ನಡೆಸುವ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮುಂದಿನ ನಾಟಕದ ಆಮಂತ್ರಣಪತ್ರವನ್ನು ಅಚ್ಚಿಗೆ ಕಳುಹಿಸುವ ಮುನ್ನ ಕಾರ್ಯಾಗಾರಕ್ಕೂ ವಸ್ತ್ರಾಗಾರಕ್ಕೂ ದೀಪದ ಕೋಣೆಗೂ ತಾವೇ ಹೋಗಿ, ಬಡಗಿಯ, ದರ್ಜಿಯ, ದೀಪದವರ, ಪರದೆ ಎಳೆಯುವವರ, ಕಸ ಗುಡಿಸುವವರ ಪೂರ್ಣ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ನಟರ ಹೆಸರಿಗೆ ಬಳಸಿದ ಅಕ್ಷರದ ಗಾತ್ರದಲ್ಲಿಯೇ ಅವುಗಳನ್ನು ಮುದ್ರಿಸಿ. ಅವರಲ್ಲಿ ಯಾರಾದರೂ ತಮ್ಮ ಹೆಸರು ಬೇಡವೆಂದರೆ ಆಗ ಬಿಡಿ.